ಎರಡು ಹೂವುಗಳ ನಡುವಿನ ದಿನಗಳು

ಬೆಳಗಿನ ಮೂರೂವರೆಗೆ ಅಡುಗೆಮನೆಯಲ್ಲಿ ಲೋಟದ ಸದ್ದಾಯಿತು. ಎದ್ದು ಹೋಗಿ ನೋಡಿದರೆ ಅಪ್ಪ ಸ್ನಾನ ಮುಗಿಸಿ, ಪಂಚೆ ಉಟ್ಟು, ಮೇಲೊಂದು ಉಣ್ಣೆಯ ಸ್ವೆಟರ್ ಹಾಕಿಕೊಂಡು ಕಾಫಿಗೆ ನೀರಿಟ್ಟಿದ್ದರು. ಕಿಟಕಿಯ ಆಚೆ ಬರ್ಚ್ ಮರಗಳ ತುದಿಗೆ ಆಗಲೇ ಬಿಸಿಲು ತಾಗಿತ್ತು. “ಬೆಳಗಾಯಿತಲ್ಲ” ಎಂದರು. ಹೊತ್ತು ಹುಟ್ಟಿದ ಮೇಲೂ ಹಾಸಿಗೆಯಲ್ಲಿರುವುದು ಜ್ವರ ಬಂದವರಿಗೆ ಮಾತ್ರ ಎಂಬುದು ಅವರು ಎಪ್ಪತ್ತೆರಡು ವರ್ಷ ಪಾಲಿಸಿಕೊಂಡು ಬಂದ ನಿಯಮ. ನಾನು ಗೋಡೆಯ ಗಡಿಯಾರ ತೋರಿಸಿದೆ. ಅದನ್ನೊಮ್ಮೆ ನೋಡಿ, “ಊರಲ್ಲಿ ಈಗ ಏಳು ಗಂಟೆ. ಹಾಲು ಕರೆದು ಆಗಿರುತ್ತದೆ” ಎಂದವರೇ ಮೊಬೈಲ್ ಹಿಡಿದು ಹೊರಗಿನ ಮೆಟ್ಟಿಲ ಮೇಲೆ ಕುಳಿತರು.

ಬೇಸಿಗೆಯಲ್ಲಿ ಸ್ವೀಡನ್ನಿಗೂ ಭಾರತಕ್ಕೂ ಮೂರೂವರೆ ತಾಸಿನ ಅಂತರ. ನಾನು ಇಷ್ಟು ವರ್ಷ ಅದನ್ನು ಫೋನ್ ಮಾಡಲು ಅಡ್ಡಿಯಾಗುವ ಲೆಕ್ಕವೆಂದೇ ತಿಳಿದಿದ್ದೆ. ಅಪ್ಪನಿಗೆ ಅದು ಸರಿಯಾಗಿ ಹೊಂದಿಕೊಂಡಿತು. ಇಲ್ಲಿ ಹೊತ್ತು ಹುಟ್ಟುವುದಕ್ಕೂ ಮಲೆನಾಡಿನ ಸಾಗರ ಪೇಟೆಯ ಹತ್ತಿರದ ನಮ್ಮ ಮನೆಯಲ್ಲಿ ನನ್ನ ತಮ್ಮ ಕೊಟ್ಟಿಗೆಯ ಕೆಲಸ ಮುಗಿಸಿ ಜಗಲಿಗೆ ಬರುವುದಕ್ಕೂ ಕಾಲ ಒಂದೇ. ದಿನವೂ ಅದೇ ಮಾತು. ಮಳೆ ಎಲ್ಲಿಯವರೆಗೆ ಬಂತು, ರೋಹಿಣಿ ಮಳೆ ಹೇಗಾಯಿತು, ಅಡಿಕೆ ಕೊನೆಗೆ ಮದ್ದು ಹೊಡೆಯಲು ಆಳು ಸಿಕ್ಕರೇ. ಮಳೆ ಹಿಡಿಯುವ ಮುಂಚೆ ಒಂದು ಸಲವಾದರೂ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣ ಬೀಳದಿದ್ದರೆ ಕೊಳೆರೋಗ ಬಿಡುವುದಿಲ್ಲ. ಅಪ್ಪ ಆ ಕೆಲಸದ ಹೊತ್ತಿಗೆ ತೋಟದಲ್ಲಿ ಇಲ್ಲದಿದ್ದುದು ಅವರ ಜೀವನದಲ್ಲೇ ಅದು ಮೊದಲ ಸಲ. ಅದು ನಾನು ಹಟ ಮಾಡಿ ಕರೆಸಿಕೊಂಡದ್ದು. “ಚಳಿಗಾಲದಲ್ಲಿ ಬೇಡ, ಬಂದರೆ ಮೇ ಜೂನ್‌ನಲ್ಲೇ ಬನ್ನಿ” ಎಂದು ನಾಲ್ಕು ವರ್ಷ ಬೆನ್ನು ಬಿದ್ದಿದ್ದೆ. ಈ ದೇಶವನ್ನು ಅವರು ಒಂದೇ ಸಲ ನೋಡುವುದಾದರೆ ಈ ಐದಾರು ವಾರಗಳಲ್ಲೇ ನೋಡಬೇಕು ಎಂದು ನನ್ನ ಮನಸ್ಸಿನಲ್ಲಿತ್ತು.

ನಾವಿರುವುದು ದಾಲಾರ್ನಾ ಪ್ರಾಂತ್ಯದಲ್ಲಿ, ಸಿಲ್ಯಾನ್ ಸರೋವರದ ದಡದ ಒಂದು ಹಳ್ಳಿಯಲ್ಲಿ. ಸ್ಟಾಕ್‌ಹೋಮ್‌ನಿಂದ ರೈಲಿನಲ್ಲಿ ಸುಮಾರು ಮೂರು ತಾಸು. ಹತ್ತಿರದ ಪೇಟೆ ಲೆಕ್ಸಾಂಡ್. ಸುಮಾರು 38 ಕೋಟಿ ವರ್ಷಗಳ ಹಿಂದೆ ಇಲ್ಲಿ ಒಂದು ಉಲ್ಕೆ ಬಿತ್ತು. ಆ ಹೊಡೆತದ ಅಂಚಿನಲ್ಲಿ ನಿಂತ ನೀರೇ ಈಗಿನ ಸರೋವರ. ಯುರೋಪಿನಲ್ಲಿ ಇದಕ್ಕಿಂತ ದೊಡ್ಡ ಉಲ್ಕಾಕುಳಿ ಕಂಡುಬಂದಿಲ್ಲ. ಏಳು ವರ್ಷದ ನನ್ನ ಮಗ ಇದನ್ನು ಮನೆಗೆ ಬಂದವರಿಗೆಲ್ಲ ಕೈಯಲ್ಲಿ ಕಲ್ಲು ಹಿಡಿದು ನೀರಿಗೆ ಹಾಕಿ ವಿವರಿಸುತ್ತಾನೆ. ತಾತನಿಗೂ ಅಜ್ಜಿಗೂ ಮೂರು ಸಲ ವಿವರಿಸಿದ.

ಅವರು ಬಂದಿಳಿದ ಮೇ ನಡುವಿನಲ್ಲಿ ಬರ್ಚ್ ಎಲೆಗಳು ಹುಣಸೆಯ ಚಿಗುರಿನಷ್ಟು ಎಳೆಯದಾಗಿದ್ದವು. ನೆರಳಿನಲ್ಲಿ ಅಲ್ಲಲ್ಲಿ ಕೊಳೆ ಹಿಡಿದ ಹಿಮದ ತುಂಡುಗಳು ಇನ್ನೂ ಇದ್ದವು. ಅಲ್ಲಿಂದ ಎರಡು ವಾರದಲ್ಲಿ ಆಗುವುದನ್ನು ಬರೆದು ಹೇಳುವುದು ಕಷ್ಟ. ನಮ್ಮಲ್ಲಿ ಒಂದು ಋತು ಇನ್ನೊಂದರ ಕೈಗೆ ಲೋಕವನ್ನು ನಿಧಾನವಾಗಿ ದಾಟಿಸುತ್ತದೆ. ಇಲ್ಲಿ ಹಾಗಲ್ಲ. ಮಂಗಳವಾರ ಮೊಗ್ಗಾಗಿದ್ದದ್ದು ಶುಕ್ರವಾರಕ್ಕೆ ನೆರಳು ಕೊಡುತ್ತದೆ. ಹುಲ್ಲಿನ ಮೇಲೆ ಮಾಸ್‌ಕ್ರೂಸ್ ಎಂಬ ಹಳದಿ ಹೂಗಳು ಅರಿಶಿನ ಚೆಲ್ಲಿದಂತೆ ಏಳುತ್ತವೆ. ಸಂಜೆ ಊಟ ಮುಗಿದ ಮೇಲೆ ಮಕ್ಕಳು ಮತ್ತೆ ಆಡಲು ಹೋಗುತ್ತಾರೆ, ಮತ್ತೆ ಹಸಿದು ಬರುತ್ತಾರೆ, ಆಗಲೂ ಬೆಳಕಿರುತ್ತದೆ. ಸೂರ್ಯ ಮುಳುಗುವುದು ಜೂನ್‌ನಲ್ಲಿ ಹತ್ತೂವರೆಯ ಸುಮಾರಿಗೆ. ಮುಳುಗಿದ ಮೇಲೂ ಕತ್ತಲೆ ಎಂಬುದು ಬರುವುದಿಲ್ಲ. ನೀಲಿ ಬೆಳಕೊಂದು ಉತ್ತರದ ಅಂಚಿನಲ್ಲಿ ಹರಿದು ಪೂರ್ವಕ್ಕೆ ತಲುಪುವಷ್ಟರಲ್ಲಿ ಅಪ್ಪನ ಕಾಫಿಯ ಹೊತ್ತು.

ಸ್ವೀಡಿಷ್ ಭಾಷೆಯಲ್ಲಿ ಈ ದಿನಗಳಿಗೆ ಒಂದು ಹೆಸರಿದೆ: ‘ಹೆಗ್ ಮತ್ತು ಸಿರೇನ್ ನಡುವೆ’. ಹೆಗ್ ಎಂದರೆ ಬಿಳಿಯ ಗೊಂಚಲು ಹೂ ಬಿಡುವ ಕಾಡುಚೆರ್ರಿ. ಸಿರೇನ್ ಎಂದರೆ ನೇರಳೆ ಬಣ್ಣದ ಲೈಲ್ಯಾಕ್. ಮೊದಲನೆಯದು ಅರಳಿ ಎರಡನೆಯದು ಅರಳುವವರೆಗಿನ ದಿನಗಳೇ ವರ್ಷದ ಅತಿ ಚೆಂದದ ದಿನಗಳು ಎಂಬುದು ಇಲ್ಲಿಯವರ ನಂಬಿಕೆ. ಇದಕ್ಕೊಂದು ಕತೆಯನ್ನೂ ಹೇಳುತ್ತಾರೆ. ಚಪ್ಪಲಿ ಹೊಲಿಯುವವನೊಬ್ಬ ವರ್ಷಕ್ಕೊಮ್ಮೆ ಅಂಗಡಿಯ ಬಾಗಿಲಿಗೆ ‘ಹೆಗ್ ಮತ್ತು ಸಿರೇನ್ ನಡುವೆ ಅಂಗಡಿ ಮುಚ್ಚಿರುತ್ತದೆ’ ಎಂಬ ಫಲಕ ತೂಗುಹಾಕಿ ಹೊರಟುಬಿಡುತ್ತಿದ್ದನಂತೆ. ಕತೆ ಕೇಳಿ ಅಮ್ಮನಿಗೆ ಸಂತೋಷವಾಯಿತು. ರೋಹಿಣಿಗೂ ಮೃಗಶಿರಕ್ಕೂ ನಡುವೆ ಬಿತ್ತನೆ ಮುಗಿಯಬೇಕು ಎಂದು ಲೆಕ್ಕ ಹಾಕುವ ಮನೆಯಿಂದ ಬಂದವರು ಅವರು. ತಾರೀಖಿನ ಬದಲು ಹೂವು ಹಿಡಿದು ದಿನ ಎಣಿಸುವ ಜನ ತಮ್ಮ ಕಡೆಯವರೇ ಎಂದು ಅವರಿಗೆ ಅನ್ನಿಸಿರಬೇಕು. ಮರುದಿನದಿಂದ ನಮ್ಮ ಗೇಟಿನ ಪಕ್ಕದ ಸಿರೇನ್ ಗಿಡದ ಮೊಗ್ಗನ್ನು ದಿನಕ್ಕೆರಡು ಸಲ ಹೋಗಿ ನೋಡಲು ಶುರು ಮಾಡಿದರು.

ಪಕ್ಕದ ಮನೆಯ ಅಜ್ಜಿಗೆ ಎಂಬತ್ತು ದಾಟಿದೆ. ಒಬ್ಬರೇ ಇರುತ್ತಾರೆ. ನಾನು ಅವರನ್ನು ‘ದು’ ಎಂದು ಕರೆಯುವುದನ್ನು ಅಮ್ಮ ಎರಡು ದಿನ ಗಮನಿಸಿ, ಅದರ ಅರ್ಥ ಏನು ಎಂದು ಕೇಳಿದರು. ‘ನೀನು’ ಎಂದೆ. ಅಮ್ಮನ ಮುಖ ಸಣ್ಣದಾಯಿತು. ಅರವತ್ತರ ದಶಕದ ಕೊನೆಯವರೆಗೆ ಇಲ್ಲಿಯೂ ಹಿರಿಯರನ್ನೂ ಅಧಿಕಾರಿಗಳನ್ನೂ ಪದವಿ ಹಿಡಿದೇ ಮಾತನಾಡಿಸುತ್ತಿದ್ದರು, ಆಮೇಲೆ ಇಡೀ ದೇಶವೇ ಸೇರಿ ಅದನ್ನು ಬಿಟ್ಟುಬಿಟ್ಟಿತು, ಈಗ ಎಲ್ಲರೂ ಎಲ್ಲರಿಗೂ ‘ದು’ ಎಂದು ವಿವರಿಸಿದೆ. ಅಮ್ಮ ಒಪ್ಪಲಿಲ್ಲ. “ಅವರ ಭಾಷೆಯಲ್ಲಿ ಹೇಗಾದರೂ ಕರೆ, ಮನಸ್ಸಿನಲ್ಲಿ ಮಾತ್ರ ನೀವು ಎನ್ನು” ಎಂದರು. ಅಂದಿನಿಂದ ನಾನು ಹಾಗೆಯೇ ಮಾಡುತ್ತಿದ್ದೇನೆ. ನನ್ನ ‘ದು’ವಿನ ದನಿಯೇ ಬದಲಾಗಿದೆ ಎಂದು ನನಗನ್ನಿಸುತ್ತದೆ.

ಆ ಅಜ್ಜಿಗೂ ಅಮ್ಮನಿಗೂ ನಂಟು ಕೂಡಿಸಿದ್ದು ರಬಾರ್ಬರ್. ಕೆಂಪು ದಂಟು, ಕೆಸುವಿನಷ್ಟು ಅಗಲದ ಎಲೆ. ಇಲ್ಲಿಯ ಹಳೆಯ ಮನೆಗಳ ಹಿತ್ತಲಲ್ಲಿ ಇದು ಇರಲೇಬೇಕು. ಹಿಮ ಕರಗಿದ ಮೇಲೆ ಮೊದಲು ಕೈಗೆ ಸಿಗುವ ಬೆಳೆ. ಅಜ್ಜಿ ಅಮ್ಮನನ್ನು ಕೈಹಿಡಿದು ಕರೆದೊಯ್ದು, ದಂಟನ್ನು ಬುಡದಲ್ಲಿ ಹಿಡಿದು ಸ್ವಲ್ಪ ತಿರುಗಿಸಿ ಎಳೆಯುವುದನ್ನು ತೋರಿಸಿದರು. ಚಾಕು ಹಾಕಬಾರದು, ಹಾಕಿದರೆ ಉಳಿದ ಬುಡ ಕೊಳೆಯುತ್ತದೆ. ಎಲೆ ವಿಷ, ತಿನ್ನಬಾರದು ಎಂದು ಕೈಯಾಡಿಸಿ ಮೂರು ಸಲ ಹೇಳಿದರು. ಒಂದು ದಂಟು ಮುರಿದು ಸಕ್ಕರೆಯಲ್ಲಿ ಅದ್ದಿ ಅಮ್ಮನ ಬಾಯಿಗೆ ಕೊಟ್ಟರು. ಅಮ್ಮ ಕಣ್ಣು ಕಿರಿದು ಮಾಡಿ, ನಾಲಿಗೆ ಚಪ್ಪರಿಸಿ, ನನ್ನ ಕಡೆ ತಿರುಗಿ ಹೇಳಿದ್ದು ಒಂದೇ ಮಾತು: “ಗೊಜ್ಜಿಗೆ ಆಗುತ್ತದೆ.”

ಆಯಿತು. ದಂಟನ್ನು ಸಣ್ಣಗೆ ಹೆಚ್ಚಿ, ಉಪ್ಪು, ಅರಿಶಿನ, ಬೆಲ್ಲ ಹಾಕಿ ಬೇಯಿಸಿದರೆ ಐದು ನಿಮಿಷದಲ್ಲಿ ಕರಗಿ ಮುದ್ದೆಯಾಗುತ್ತದೆ. ಒಣಮೆಣಸು, ಸಾಸಿವೆ, ಇಂಗಿನ ಒಗ್ಗರಣೆ. ಹುಣಸೆ ಬೇಕಾಗಲೇ ಇಲ್ಲ. ಅಪ್ಪ ಅದರಲ್ಲೇ ಎರಡು ಸಲ ಅನ್ನ ಕಲಸಿದರು. ಒಂದು ಬಟ್ಟಲು ಗೊಜ್ಜು ಬೇಲಿಯ ಆಚೆ ಹೋಯಿತು. ಆ ಬಟ್ಟಲು ಮರುದಿನ ರಬಾರ್ಬರ್ ಪೈ ತುಂಬಿಕೊಂಡು ಬಂತು. ಬರಿಯ ಬಟ್ಟಲನ್ನು ಹಿಂದಿರುಗಿಸಬಾರದು ಎಂಬುದು ಆ ಅಜ್ಜಿಗೂ ಗೊತ್ತು. ಕಲ್ಲುಗೋಡೆಯ ಬುಡದಲ್ಲಿ ಬೆಳೆದ ಎಳೆಯ ತುರಿಕೆ ಸೊಪ್ಪಿನಿಂದ ಇಲ್ಲಿ ಸೂಪ್ ಮಾಡಿ ಬೇಯಿಸಿದ ಮೊಟ್ಟೆಯ ಜೊತೆ ಉಣ್ಣುತ್ತಾರೆ ಎಂದು ತಿಳಿದದ್ದೇ ಅಮ್ಮ ಕೈಗವಸು ಹಾಕಿಕೊಂಡು ಹೊರಟರು. ತುಪ್ಪದಲ್ಲಿ ಜೀರಿಗೆ, ಕಾಳುಮೆಣಸಿನ ಜೊತೆ ಹುರಿದು, ಕಾಯಿತುರಿ ಸೇರಿಸಿ ರುಬ್ಬಿ, ಫಿಲ್ ಎಂದು ಇಲ್ಲಿ ಮಾರುವ ಹುಳಿಹಾಲಿನಲ್ಲಿ ಕಲಸಿದರು. ಒಂದೆಲಗದ ತಂಬುಳಿಯ ಪಕ್ಕದಲ್ಲಿ ಇಟ್ಟರೂ ಸೋಲುವಂಥದ್ದಲ್ಲ. ಹನ್ನೊಂದು ವರ್ಷದ ಮಗಳು ಶಾಲೆಯ ಕೊನೆಯ ವಾರದಲ್ಲಿ ಅದನ್ನು ತನ್ನ ಗೆಳತಿಯರಿಗೂ ಕುಡಿಸಿದಳು.

ಸೊಪ್ಪು ಕೀಳಲು ಬೇರೆಯವರ ಕಾಡಿಗೆ ಹೋಗುವುದು ಹೇಗೆ ಎಂದು ಅಮ್ಮನಿಗೆ ಮೊದಲು ಅಳುಕಿತ್ತು. ಇಲ್ಲಿ ಅದು ಎಲ್ಲರ ಹಕ್ಕು. ಕಾಡು ಯಾರದ್ದೇ ಇರಲಿ, ನಡೆಯಬಹುದು, ಹಣ್ಣು, ಹೂವು, ಅಣಬೆ ಆಯಬಹುದು, ಒಂದು ರಾತ್ರಿ ಗುಡಾರ ಹಾಕಬಹುದು. ಮನೆಯ ಅಂಗಳ ಮತ್ತು ಬೆಳೆದು ನಿಂತ ಹೊಲ ತುಳಿಯಬಾರದು. ತೊಂದರೆ ಕೊಡಬಾರದು, ಹಾಳು ಮಾಡಬಾರದು. ತಲೆತಲಾಂತರದಿಂದ ಬಂದ ಈ ರೂಢಿಯನ್ನು 1994ರಲ್ಲಿ ಸಂವಿಧಾನದಲ್ಲೇ ಸೇರಿಸಿದರು. ಅಪ್ಪನಿಗೆ ಇದನ್ನು ಹೆಚ್ಚು ವಿವರಿಸಬೇಕಾಗಲಿಲ್ಲ. ಸೊಪ್ಪಿನ ಬೆಟ್ಟದ ಹಕ್ಕಿನ ಮೇಲೆ ಅಡಿಕೆ ತೋಟ ನಡೆಸಿದವರು ಅವರು. ಭೂಮಿ ಸರ್ಕಾರದ್ದು, ಸೊಪ್ಪು ತೋಟದವನದ್ದು ಎಂಬುದರ ಸೂಕ್ಷ್ಮ ಅವರಿಗೆ ಹುಟ್ಟಿನಿಂದ ಗೊತ್ತು. “ನಮ್ಮಲ್ಲಿ ತೋಟ ಇದ್ದವನಿಗೆ ಮಾತ್ರ ಕೊಟ್ಟರು, ಇವರು ಎಲ್ಲರಿಗೂ ಕೊಟ್ಟರು” ಎಂದಷ್ಟೇ ಹೇಳಿ ಸುಮ್ಮನಾದರು. ಆ ಮಾತನ್ನು ಅವರು ಹೇಳಿದ ರೀತಿಯಲ್ಲಿ ಏನೋ ಇತ್ತು, ನಾನು ಇನ್ನೂ ಅದನ್ನು ಯೋಚಿಸುತ್ತೇನೆ.

ಅಪ್ಪನ ಕೈಗೆ ನಿಜವಾದ ಕೆಲಸ ಸಿಕ್ಕಿದ್ದು ಜೂನ್ ಮೊದಲ ವಾರದಲ್ಲಿ. ನಮ್ಮ ಸೌದೆಮನೆಯ ಬಣ್ಣ ಮಾಸಿತ್ತು. ಸ್ವೀಡನ್ನಿನ ಹಳ್ಳಿಮನೆಗಳ ಆ ಕೆಂಪು ಬಣ್ಣವನ್ನು ಚಿತ್ರಗಳಲ್ಲಿ ನೀವು ನೋಡಿರುತ್ತೀರಿ. ಅದು ಹುಟ್ಟುವುದು ನಮ್ಮಿಂದ ಹೆಚ್ಚು ದೂರವಿಲ್ಲದ ಫಾಲುನ್ ಪಟ್ಟಣದ ತಾಮ್ರದ ಗಣಿಯಲ್ಲಿ. ಸಾವಿರ ವರ್ಷದಷ್ಟು ಕಾಲ ಅಗೆದ ಗಣಿ ಅದು; 1992ರಲ್ಲಿ ಮುಚ್ಚಿದರು, 2001ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ತಾಣವೆಂದು ಸಾರಿತು. ತಾಮ್ರ ತೆಗೆದು ಎಸೆದ ಕಲ್ಲುಮಣ್ಣಿನ ರಾಶಿ ಬಿಸಿಲು ಮಳೆಗೆ ಕಳಿತು ಕೆಂಪಾಗುತ್ತದೆ. ಅದನ್ನು ತೊಳೆದು, ಸುಟ್ಟು, ಅರೆದರೆ ಬಣ್ಣದ ಪುಡಿ. ಪಕ್ಕದ ಮನೆಯ ಅಜ್ಜಿ ತಮ್ಮ ತಂದೆ ಅಂಗಳದಲ್ಲಿ ಒಲೆ ಹೂಡಿ ಬಣ್ಣ ಬೇಯಿಸುತ್ತಿದ್ದುದನ್ನು ಹೇಳಿದರು. ನೀರು, ಕೆಂಪು ಪುಡಿ, ಹಿಟ್ಟು, ಅಗಸೆ ಎಣ್ಣೆ, ಮತ್ತೊಂದು ಹಸಿರು ಹರಳು. ನಾನು ಅನುವಾದಿಸುತ್ತಿದ್ದೆ. ಹರಳಿನ ಹೆಸರಿಗೆ ಕನ್ನಡ ಪದ ಸಿಗದೆ “ಕಬ್ಬಿಣದ ಸಲ್ಫೇಟ್” ಎಂದೆ. “ಅನ್ನಭೇದಿ” ಎಂದರು ಅಪ್ಪ ತಟ್ಟನೆ. ಮೈಲುತುತ್ತ, ಸುಣ್ಣ ಕಲಸುತ್ತ ಬೆಳೆದ ಮನುಷ್ಯ. ತಾಮ್ರದ ಊರಿನ ಈ ಗಂಜಿ ಅವರಿಗೆ ಅಪರಿಚಿತವೆನಿಸಲಿಲ್ಲ.

ನಾವು ಡಬ್ಬದಲ್ಲಿ ಬರುವ ಬಣ್ಣವನ್ನೇ ತಂದೆವು. ಮೊದಲು ತಂತಿ ಬ್ರಷ್‌ನಿಂದ ಹಳೆಯ ಪುಡಿಯನ್ನು ಉಜ್ಜಿ ಉದುರಿಸಬೇಕು. ಅಪ್ಪ ಹಲಗೆಯ ಮೇಲೆ ಅಂಗೈ ಒತ್ತಿ ನೋಡಿದರು, ಅಂಗೈ ಕೆಂಪಾಯಿತು. “ಕೆಮ್ಮಣ್ಣಿನ ಗೋಡೆಯ ಹಾಗೆಯೇ ಬಿಡುತ್ತದೆ” ಎಂದರು. ಊರಿನ ಹಳೆಯ ಮನೆಯ ಗೋಡೆಗೆ ಒರಗಿದರೆ ಅಂಗಿಯ ಬೆನ್ನು ಕೆಂಪಾಗುತ್ತಿದ್ದುದು ನನಗೂ ನೆನಪಿದೆ. ಈ ಬಣ್ಣ ಮರವನ್ನು ಮುಚ್ಚಿ ಉಸಿರು ಕಟ್ಟಿಸುವುದಿಲ್ಲ. ಒಳಗಿನ ತೇವ ಹೊರಗೆ ಹೋಗಲು ಬಿಡುತ್ತದೆ. ಅದಕ್ಕೇ ಇಲ್ಲಿಯ ಮರದ ಗೋಡೆಗಳು ಅಷ್ಟು ವರ್ಷ ಬಾಳುತ್ತವೆ. ಅಪ್ಪ ಬ್ರಷ್ಷನ್ನು ಆಗಾಗ ಡಬ್ಬದ ತಳದವರೆಗೆ ತಿರುಗಿಸಿ, ಹಲಗೆಯ ಎಳೆ ಹಿಡಿದು ಮೇಲಿನಿಂದ ಕೆಳಗೆ ಒಂದೇ ಉಸಿರಿನಲ್ಲಿ ಎಳೆಯುತ್ತಿದ್ದರು. ಎರಡು ಹಲಗೆ ಕೂಡುವ ಸಂದಿಗೆ ಬ್ರಷ್ಷಿನ ಮೂಲೆ ಚುಚ್ಚಿ ತುಂಬುತ್ತಿದ್ದರು. ನಾನು ಮೂರು ಹಲಗೆ ಮುಗಿಸುವಷ್ಟರಲ್ಲಿ ಅವರದು ಒಂದು. ನನ್ನ ಹಲಗೆಗಳನ್ನು ಅವರು ಮರುದಿನ ಯಾರಿಗೂ ಹೇಳದೆ ಮತ್ತೊಮ್ಮೆ ಬಳಿದರು. ನಾಲ್ಕು ದಿನ ತೆಗೆದುಕೊಂಡ ಆ ಕೆಲಸದಲ್ಲಿ ನಾವಿಬ್ಬರೂ ಮಾತನಾಡಿದಷ್ಟು ನಾನು ಮದುವೆಯಾಗಿ ಬಂದ ಮೇಲೆ ಹದಿನಾಲ್ಕು ವರ್ಷದಲ್ಲಿ ಒಟ್ಟು ಸೇರಿಯೂ ಮಾತನಾಡಿರಲಿಲ್ಲ. ತೋಟ ಮುಂದೆ ಯಾರು ನೋಡಿಕೊಳ್ಳುತ್ತಾರೆ ಎಂಬ ಚಿಂತೆ, ಅಜ್ಜ ತೀರಿಕೊಂಡ ವರ್ಷದ ಸಾಲ, ನನ್ನನ್ನು ಇಷ್ಟು ದೂರ ಕಳಿಸಿದ ಮೇಲೆ ಅವರು ಒಂದು ತಿಂಗಳು ತೋಟದ ಮನೆಯಲ್ಲೇ ಮಲಗಿದ್ದು. ಎಲ್ಲವನ್ನೂ ಗೋಡೆಗೆ ಹೇಳಿದಂತೆ ಹೇಳಿದರು.

ಆ ವಾರವೇ ಒಂದು ರಾತ್ರಿ ಹಿಮ ಬೀಳುವಷ್ಟು ಚಳಿ ಬಂತು. ಬೇಸಿಗೆಯ ಆರಂಭದಲ್ಲಿ ಹೀಗೆ ಬಂದು ಸಸಿಗಳನ್ನು ಸುಟ್ಟುಹೋಗುವ ರಾತ್ರಿಗಳನ್ನು ಇಲ್ಲಿ ‘ಕಬ್ಬಿಣದ ರಾತ್ರಿ’ ಎನ್ನುತ್ತಾರೆ. ಅಮ್ಮ ಹಾಕಿದ್ದ ಹುರುಳಿಕಾಯಿ ಸಸಿಗಳಿಗೆ ಎರಡೆರಡು ಎಲೆ ಬಂದಿತ್ತಷ್ಟೇ. ಅಜ್ಜಿ ಬೇಲಿಯ ಆಚೆಯಿಂದ ಆಕಾಶ ತೋರಿಸಿ ಎಚ್ಚರಿಸಿದರು. ಅಮ್ಮ ಅಪ್ಪನ ಹಳೆಯ ಪಂಚೆ ಹೊದಿಸಿ, ನಾಲ್ಕು ಮೂಲೆಗೂ ಕಲ್ಲಿಟ್ಟರು. ಬೆಳಿಗ್ಗೆ ಪಂಚೆ ಹಪ್ಪಳದಂತೆ ಸೆಟೆದು ನಿಂತಿತ್ತು. ಸಸಿಗಳು ಉಳಿದವು. ಆ ಬೆಳಿಗ್ಗೆ ಕಾಫಿ ಕುಡಿಯುತ್ತ ಅಮ್ಮ ಹೇಳಿದರು: “ಇವರ ಬೇಸಿಗೆ ಎಂದರೆ ನಮ್ಮ ಮುಂಗಾರು ಇದ್ದ ಹಾಗೆ ಕಣೇ.”

ನಾನು ಲೋಟ ಕೆಳಗಿಟ್ಟೆ. ಮಕ್ಕಳಿಗೆ ಕನ್ನಡ ಕಲಿಸುವಾಗ ‘ಸೊಮ್ಮಾರ್’ ಎಂಬುದಕ್ಕೆ ನಾನು ಯಾವಾಗಲೂ ‘ಬೇಸಿಗೆ’ ಎಂದೇ ಹೇಳಿಕೊಟ್ಟವಳು. ಹೇಳುವಾಗಲೆಲ್ಲ ಎಲ್ಲೋ ಸರಿಹೊಂದುತ್ತಿಲ್ಲ ಎಂಬ ಕಿರಿಕಿರಿ ಇರುತ್ತಿತ್ತು. ಬೇಸಿಗೆ ಎಂದರೆ ನನ್ನ ಮೈಗೆ ತಳ ಕಂಡ ಬಾವಿ, ಬಾಡಿದ ತೋಟ, ನೀರಿಗೆ ಪಾಳಿ, ಯಾವಾಗ ಮುಗಿಯುತ್ತದೋ ಎಂಬ ಕಾಯುವಿಕೆ. ಇಲ್ಲಿಯವರಿಗೆ ಕಾಯುವಿಕೆಯೆಲ್ಲ ನವೆಂಬರಿನಿಂದ ಏಪ್ರಿಲ್‌ವರೆಗೆ, ಕಾಯುವುದು ಇದಕ್ಕೆ. ಮೊದಲ ಮಳೆಗೆ ನಾವು ಅಂಗಳಕ್ಕೆ ಓಡುವ ಹಾಗೆ ಇವರು ಮೊದಲ ಬಿಸಿಲಿಗೆ ಮುಖವೊಡ್ಡಿ ಗೋಡೆಗೊರಗಿ ನಿಲ್ಲುತ್ತಾರೆ. ಹಸುಗಳೂ ಹಾಗೆಯೇ. ಇಡೀ ಚಳಿಗಾಲ ಕೊಟ್ಟಿಗೆಯಲ್ಲಿದ್ದ ಹಸುಗಳನ್ನು ಹುಲ್ಲುಗಾವಲಿಗೆ ಬಿಡುವ ದಿನ ಊರವರೆಲ್ಲ ಮಕ್ಕಳೊಂದಿಗೆ ಬೇಲಿಯ ಬಳಿ ಸೇರುತ್ತಾರೆ. ಅಪ್ಪ ಅಮ್ಮ ಬಂದ ವಾರವೇ ಅದನ್ನು ನೋಡಲು ಹೋಗಿದ್ದೆವು. ಬಾಗಿಲು ತೆರೆದದ್ದೇ ಆರೆಂಟು ಕರು ಹಾಕಿದ ದೊಡ್ಡ ದೊಡ್ಡ ಹಸುಗಳು ಹಿಂಗಾಲು ಝಾಡಿಸಿ, ಬಾಲ ಎತ್ತಿ, ಎಳೆಗರುಗಳಂತೆ ನೆಗೆದವು. ಹಾಲಿನ ಹಸುವನ್ನು ಬೇಸಿಗೆಯಲ್ಲಿ ಹೊರಗೆ ಮೇಯಲು ಬಿಡಲೇಬೇಕು ಎಂದು 1988ರ ಪ್ರಾಣಿ ರಕ್ಷಣಾ ಕಾಯ್ದೆಯಿಂದೀಚೆಗೆ ಇಲ್ಲಿ ನಿಯಮವಿದೆ. ಅಪ್ಪ ಬೇಲಿ ಹಿಡಿದು ನಿಂತವರು ಹಸುಗಳೆಲ್ಲ ನೆಗೆದು ದಣಿದು ತಲೆ ತಗ್ಗಿಸಿ ಮೇಯತೊಡಗುವವರೆಗೂ ಅಲ್ಲಿಂದ ಅಲುಗಲಿಲ್ಲ. ಆಗ ಅವರು ಏನು ನೋಡುತ್ತಿದ್ದರು ಎಂದು ನನಗೆ ಅಮ್ಮನ ಆ ಮಾತಿನ ನಂತರ ಅರ್ಥವಾಯಿತು.

ಸಿರೇನ್ ಅರಳಿತು. ಶಾಲೆಗೆ ರಜೆ ಬಂತು. ನಡುಬೇಸಿಗೆಯ ಹಬ್ಬ ಮಿಡ್‌ಸೊಮ್ಮಾರ್ ಹತ್ತಿರವಾಯಿತು. 1953ರಿಂದ ಈಚೆಗೆ ಆ ಹಬ್ಬದ ಮುನ್ನಾದಿನ ಯಾವಾಗಲೂ ಜೂನ್ 19ರಿಂದ 25ರ ನಡುವಿನ ಶುಕ್ರವಾರವೇ ಬರುತ್ತದೆ. ಹಬ್ಬಕ್ಕೆ ಸೊಪ್ಪು ಹೂವು ಸುತ್ತಿ ನಿಲ್ಲಿಸುವ ಲೆಕ್ಸಾಂಡ್‌ನ ದೊಡ್ಡ ಕಂಬ ನೋಡಲು ದೂರದೂರದಿಂದ ಜನ ಬರುತ್ತಾರೆ; ನಾವು ನಮ್ಮ ಹಳ್ಳಿಯ ಕಂಬಕ್ಕೇ ಹೋದೆವು. ಮಧ್ಯಾಹ್ನ ಹೆಂಗಸರು ಮಕ್ಕಳೆಲ್ಲ ಸೇರಿ ಬರ್ಚ್ ಸೊಪ್ಪಿನ, ಕಾಡುಹೂವಿನ ಮಾಲೆ ಕಟ್ಟುತ್ತಾರೆ. ಅಮ್ಮನಿಗೆ ಮಾವಿನ ತೋರಣ ಕಟ್ಟಿದ ಕೈ. ದಾರವನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡು ಹುಲ್ಲಿನ ಮೇಲೆ ಕುಳಿತು ಅವರು ಕಟ್ಟುವ ವೇಗ ನೋಡಲು ನಾಲ್ಕು ಹುಡುಗಿಯರು ಸುತ್ತ ಕುಳಿತರು. ಕಂಬ ಎತ್ತುವುದು ಯಂತ್ರದಿಂದಲ್ಲ. ತುದಿಯಲ್ಲಿ ಕಟ್ಟಿದ ಜೋಡಿ ಕೋಲುಗಳನ್ನು ಕತ್ತರಿಯಂತೆ ಆನಿಸಿ, ಒಬ್ಬ ಕೂಗಿದಾಗ ಎಲ್ಲರೂ ಒಟ್ಟಿಗೆ ಒಂದಿಷ್ಟು ಮೇಲೆ ನೂಕಿ, ನಿಲ್ಲಿಸಿ, ಉಸಿರು ತೆಗೆದುಕೊಂಡು ಮತ್ತೆ ನೂಕಬೇಕು. ತೇರಿಗೆ ಕೈ ಹಚ್ಚುವವನಂತೆ ಅಪ್ಪ ಯಾರೂ ಕರೆಯದೆಯೇ ಹೋಗಿ ಒಂದು ಕೋಲಿಗೆ ಭುಜ ಕೊಟ್ಟರು.

ಕಂಬ ಅರ್ಧ ಎದ್ದಿತ್ತು, ಮಳೆ ಬಂತು. ಹಬ್ಬಕ್ಕೆ ಮಳೆ ಬರುವುದು ಇಲ್ಲಿಯವರಿಗೆ ಹೊಸದಲ್ಲ, ಯಾರೂ ಓಡಲಿಲ್ಲ. ಪಿಟೀಲು ಬಾರಿಸುವವರು ಒಂದು ಮರದ ಕೆಳಗೆ ಸರಿದು ಬಾರಿಸುತ್ತಲೇ ಇದ್ದರು. ಕಂಬ ನೆಟ್ಟಗೆ ನಿಂತಿತು. ಜನ ಕೈಕೈ ಹಿಡಿದು ಸುತ್ತ ಕುಣಿಯತೊಡಗಿದರು. ಕಪ್ಪೆಗಳಂತೆ ಕುಪ್ಪಳಿಸುವ ಆಟದಲ್ಲಿ ನನ್ನ ಮಗ, ಗಂಡ, ಪಕ್ಕದ ಮನೆಯ ಅಜ್ಜಿ ಎಲ್ಲರೂ ಇದ್ದರು. ಅಪ್ಪ ಮಾತ್ರ ಕೋಲನ್ನು ಕೆಳಗಿಟ್ಟು ಬಯಲಿನ ನಡುವೆ ನಿಂತಿದ್ದರು. ನಾನು ಕೊಡೆ ಹಿಡಿದು ಹತ್ತಿರ ಹೋದೆ. ಬೇಡವೆಂದು ಕೈಯಾಡಿಸಿದರು. ತಲೆಯಿಂದ ನೀರು ಕಿವಿಯ ಹಿಂದೆ ಇಳಿದು ಸ್ವೆಟರಿನೊಳಗೆ ಹೋಗುತ್ತಿತ್ತು. ಆ ವರ್ಷ ಅವರ ಮೈಮೇಲೆ ಬಿದ್ದ ಮೊದಲ ಮಳೆ ಅದು.

“ತಲೆ ಒರೆಸಿಕೊಳ್ಳಿ, ಶೀತವಾಗುತ್ತದೆ” ಎಂದು ಅಮ್ಮ ಸೆರಗು ಹಿಡಿದು ಬಂದರು. ಅವರ ಇನ್ನೊಂದು ಕೈಯಲ್ಲಿ ಏಳು ಬಗೆಯ ಹೂವುಗಳಿದ್ದವು. ಮಿಡ್‌ಸೊಮ್ಮಾರ್ ರಾತ್ರಿ ಏಳು ಹೂವನ್ನು ಮಾತನಾಡದೆ ಕಿತ್ತು ದಿಂಬಿನಡಿ ಇಟ್ಟರೆ ಮದುವೆಯಾಗುವವನು ಕನಸಿನಲ್ಲಿ ಬರುತ್ತಾನಂತೆ. ಮೊಮ್ಮಗಳಿಗೆಂದು ಕಿತ್ತಿದ್ದರು. ಅವಳು ನಾಚಿಕೊಂಡು ಬೇಡವೆಂದಳು. ರಾತ್ರಿ ಅಮ್ಮ ಆ ಹೂಗಳನ್ನು ತಮ್ಮ ದಿಂಬಿನಡಿಯೇ ಇಟ್ಟುಕೊಂಡು ಮಲಗಿದ್ದನ್ನು ನಾನು ನೋಡಿದೆ.

ಮರುದಿನ ಮೂರೂವರೆಗೆ ಮತ್ತೆ ಲೋಟದ ಸದ್ದು. ನಾನೂ ಶಾಲು ಹೊದ್ದು ಮೆಟ್ಟಿಲ ಮೇಲೆ ಅಪ್ಪನ ಪಕ್ಕದಲ್ಲಿ ಕುಳಿತೆ. ಹೊಸ ಕೆಂಪಿನ ಸೌದೆಮನೆ ಒದ್ದೆಯಾಗಿ ಹೊಳೆಯುತ್ತಿತ್ತು. ಕಾಡಿನ ಕಡೆಯಿಂದ, ನಮ್ಮ ಕೋಗಿಲೆಯ ದೂರದ ನೆಂಟನಾದ ಯೋಕ್ ಹಕ್ಕಿ ಎರಡೇ ಸ್ವರದಲ್ಲಿ ಕೂಗುತ್ತಿತ್ತು. ತಮ್ಮ ಫೋನ್ ಎತ್ತಿದ. ಆಚೆಯಿಂದ ಹಂಚಿನ ಮೇಲೆ ಮಳೆ ಹೊಯ್ಯುವ ಸದ್ದು, ಅದರ ನಡುವೆ ಅವನ ದನಿ. ಆರಿದ್ರೆ ಹುಟ್ಟಿದೆ, ಚೆನ್ನಾಗಿ ಹಿಡಿದಿದೆ, ಮೇಲಿನ ತೋಟದ ಬಸಿಗಾಲುವೆ ತುಂಬಿ ಹರಿಯುತ್ತಿದೆ ಎಂದ. ಅಪ್ಪ ಬಹಳ ಹೊತ್ತು ಏನೂ ಮಾತನಾಡದೆ ಆ ಸದ್ದನ್ನು ಕೇಳಿದರು. ಆಮೇಲೆ, “ಇಲ್ಲಿಯೂ ಬಂತು” ಎಂದರು.

“ಎಷ್ಟು?” ಎಂದು ಕೇಳಿದ ತಮ್ಮ.

ಅಪ್ಪ ಮೆಟ್ಟಿಲಿಳಿದು ಹೋಗಿ, ಅಮ್ಮನ ಹುರುಳಿ ಸಾಲಿನ ಪಕ್ಕ ಕುಕ್ಕರುಗಾಲಲ್ಲಿ ಕುಳಿತು, ಎರಡು ಬೆರಳು ಮಣ್ಣಿಗೆ ಊರಿ ನೋಡಿದರು.

“ಹದ ಆಗುವಷ್ಟು.”